ಶಾಂತ ಮಾಡಿ, ಹತ್ತು ಎಣಿಸಿ

ಗುರಪ್ಪ ಕಾಕಾ,

ಅಕ್ಕಿಆಲೂರಿನಿಂದ ನಿಮ್ಮ ಸುಮಂಗಲಾ ಬರೆಯುವುದು. ಇಲ್ಲಿ ಈ ಹೊತ್ತಿಗೆ ಎಲ್ಲ ದೀಪಗಳೂ ಹಸಿರಾಗಿವೆ. ನಿಮ್ಮ ಕಡೆಯದನ್ನು ತಿಳಿಸಿರಿ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ನೀವು ಹೋಗಿ ನಾಲ್ಕು ತಿಂಗಳಾಯಿತು. ಪಂಚಮಿಯ ಉಂಡಿ ತಿನ್ನಲಿಕ್ಕೂ ಇರಲಿಲ್ಲ. ಹಿಂದಿನ ಸಂಜೆ ಮೆಟ್ಟಿಲ ಹತ್ತಿರ ನಿಂತು, "ನಾಳೆ ಗಿರಮಿಟ್ ತರ್ತೇನಿ ಸುಮಿ, ಮನ್ಯಾಗ ತಿಂದ ಬರಬ್ಯಾಡ" ಎಂದು ಹೇಳಿ ಹೋದವರು, ಬೆಳಿಗ್ಗೆ ನಿದ್ದೆಯಿಂದ ಏಳಲೇ ಇಲ್ಲ. ನಾನು ಹಸಿದುಕೊಂಡೇ ಆಫೀಸಿಗೆ ಬಂದಿದ್ದೆ. ಅದಕ್ಕೆ ಇನ್ನೂ ನಿಮ್ಮ ಮೇಲೆ ಸಿಟ್ಟಿದೆ.

ನನ್ನ ಮೊದಲ ದಿನ ನೆನಪಿದೆಯೇ? ಐ.ಟಿ.ಐ. ಮುಗಿಸಿ, ಮದುವೆಯಾಗಿ, ಕಲಿತದ್ದನ್ನೆಲ್ಲ ಮರೆತು ಕುಳಿತಿದ್ದವಳನ್ನು ಕರೆತಂದು ಅಕ್ಕಿ ಗಿರಣಿಯ ಮೇಲಿನ ನಮ್ಮ ಇಂಟರ್ನೆಟ್ ಆಫೀಸಿನ ಆ ಕೋಣೆಯಲ್ಲಿ ಫೋನಿನ ಮುಂದೆ ಕೂರಿಸಿದಿರಿ. ಮೊದಲ ಕರೆ ಸವಣೂರಿನದು. ಇಂಟರ್ನೆಟ್ ಬರುತ್ತಿಲ್ಲ ಎಂದರು. ನಾನು ಓದಿದ್ದನ್ನು ನೆನಪಿಸಿಕೊಂಡು ಬಲು ಠೀವಿಯಿಂದ, "ಆ ಮೊಡೆಮ್ ದೀಪ ಆರಿಸಿ, ಮತ್ತ ಹಚ್ಚರಿ" ಎಂದೆ. ನೀವು ಆಚೆ ಕೋಣೆಯಿಂದ ಓಡಿ ಬಂದು ಫೋನು ಕಸಿದುಕೊಂಡಿರಿ. "ಅಲ್ರೀ ಅವ್ವಾರ, ಅಕಿ ಹೊಸಬಾಕಿ ಅದಾಳ. ಆರಸೂದಲ್ಲ. ಶಾಂತ ಮಾಡ್ರಿ. ಶಾಂತ ಮಾಡಿ, ಹತ್ತ ಎಣಸ್ರಿ, ಆಮ್ಯಾಲೆ ಹಚ್ಚರಿ" ಎಂದಿರಿ. ಫೋನು ಇಟ್ಟು ನನ್ನ ಕಡೆ ತಿರುಗಿದಾಗ ನಿಮ್ಮ ಮುಖ ಕಪ್ಪಿಟ್ಟಿತ್ತು.

ನಮ್ಮ ಮನೆಯಲ್ಲೂ ದೇವರ ಮುಂದಿನ ದೀಪವನ್ನು ಯಾರೂ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಅದು ನನಗೆ ಗೊತ್ತಿಲ್ಲವೇ? ಆದರೆ ಎಣ್ಣೆ ಬತ್ತಿಯ ದೀಪಕ್ಕಿದ್ದ ಮಾತನ್ನು ಪ್ಲಾಸ್ಟಿಕ್ ಡಬ್ಬಿಗೂ ಹಚ್ಚಬೇಕೇ? "ಮಶಿನ್ನಿಗೂ ಮಡಿ ಮೈಲಗಿ ಐತೇನ್ರಿ ಕಾಕಾ?" ಎಂದು ನಕ್ಕೆ. ನೀವು ನಗಲಿಲ್ಲ. ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಮನೆಗೆ ಹೋಗಿ, ನಾಳೆಯಿಂದ ಹೋಗುವುದಿಲ್ಲ ಎಂದು ನಮ್ಮ ಮನೆಯವರ ಮುಂದೆ ಅತ್ತೆ. ಮರುದಿನ ಬಂದೆ ಅನ್ನಿ.

ಒಂದು ಮಧ್ಯಾಹ್ನ ಆ ಹೊಸ ಕಂಪ್ಯೂಟರ್ ಪರದೆ ಬಂತಲ್ಲ, ಅಂದು ನೀವು ಜಾದೂ ನೋಡುವವರ ಹಾಗೆ ಬಾಯಿ ತೆರೆದು ನಿಂತಿದ್ದಿರಿ. ಅಲ್ಲಿಯ ತನಕ ಯಾರ ಮನೆಯಲ್ಲಿ ಏನಾಗಿದೆ ಎಂದು ಫೋನಿನಲ್ಲಿ ಕೇಳಿ ಊಹಿಸುತ್ತಿದ್ದೆವು, ಇಲ್ಲವೇ ನೀವು ಗಾಡಿ ಹತ್ತಿ ಹೋಗುತ್ತಿದ್ದಿರಿ. ಈಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲ ನಮ್ಮ ಮೇಜಿನ ಮೇಲೆ ಬಂದು ಕುಳಿತವು. ಒಂದು ಮನೆಗೆ ಒಂದು ಸಾಲು, ಸಾಲಿನ ತುದಿಗೆ ಒಂದು ಹಸಿರು ಚುಕ್ಕೆ. ಫೈಬರ್ ತಂತಿಯಲ್ಲಿ ಆ ಮನೆಗೆ ಎಷ್ಟು ಬೆಳಕು ಮುಟ್ಟುತ್ತಿದೆ, ಅದಕ್ಕೆ ಎಷ್ಟು ಫೋನು ಜೋತುಬಿದ್ದಿವೆ, ಎಲ್ಲ ಕಾಣುತ್ತದೆ. ಮರೆತ ಪಾಸ್‌ವರ್ಡು ಬದಲಿಸಬಹುದು, ವೈಫೈಗೆ ಬೇರೆ ಹೆಸರು ಕೊಡಬಹುದು, ಹಟ ಹಿಡಿದ ಮೊಡೆಮ್ಮನ್ನು ಇಲ್ಲಿಂದಲೇ ಮಲಗಿಸಿ ಎಬ್ಬಿಸಬಹುದು. ಹಾಗೆ ಎಬ್ಬಿಸುವಾಗಲೂ ನೀವು ಗುಂಡಿ ಒತ್ತಿ, ಕಣ್ಣು ಮುಚ್ಚಿ, ಹತ್ತರ ತನಕ ಗಟ್ಟಿಯಾಗಿ ಎಣಿಸುತ್ತಿದ್ದಿರಿ. "ಅದು ತಾನ ಎದ್ದ ಬರ್ತೈತ್ರಿ ಕಾಕಾ" ಎಂದರೆ, "ಬರಲಿ, ನಾವೂ ಜೋಡಿಗಿರೂಣು" ಎನ್ನುತ್ತಿದ್ದಿರಿ.

ಕೆಳಗೆ ಗಿರಣಿ ಗುಂಯ್ ಎನ್ನುತ್ತಿರುತ್ತದೆ, ಕಿಟಕಿಯ ಬಿಸಿಲಿನಲ್ಲಿ ಹೊಟ್ಟಿನ ಧೂಳು ನಿಧಾನಕ್ಕೆ ತೇಲುತ್ತಿರುತ್ತದೆ, ನಾನು ಒಂದೊಂದೇ ಸಾಲು ಇಳಿಯುತ್ತ ಹೋಗುತ್ತೇನೆ. ಹೋದಂತೆಲ್ಲ ಕಣ್ಣು ಅರೆ ಮುಚ್ಚುತ್ತವೆ. ಯಾಕೆಂದರೆ ಗಿರಾಕಿಯ ನಂಬರು ಬರೆಯಬೇಕಾದ ಜಾಗದಲ್ಲಿ ನೀವು ಬರೆದಿಟ್ಟದ್ದು ಬೇರೆಯೇ. 'ಸವಣೂರ, ಎಲಿತೋಟದ ಅಜ್ಜ, ಕಿವಿ ಮಂದ.' 'ಯಲವಿಗಿ, ರೈಲು ದಾಟಿದ ಮ್ಯಾಲೆ ಫೋನ್ ಮಾಡು.' 'ಹಾನಗಲ್ಲ, ಬಾಗಲಕ್ಕ ಬೆಕ್ಕು.' ಆ ಬೆಕ್ಕನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೂ ಆ ಸಾಲಿಗೆ ಬಂದಾಗ ಹೊಸ್ತಿಲ ಮೇಲೆ ಅದು ಮೈ ನೆಕ್ಕಿಕೊಳ್ಳುವುದು ಕಾಣುತ್ತದೆ. ಯಾರ ಮನೆಗೂ ಹೋಗದೆ ಎಲ್ಲರ ಮನೆಯ ಅಂಗಳದಲ್ಲೂ ನಿಂತು ಬರುತ್ತೇನೆ.

'ಶಿಗ್ಗಾಂವಿ, ಜಗಲಿ ಮ್ಯಾಲೆ, ವಿಭೂತಿ' ಎಂಬ ಸಾಲನ್ನು ಹೇಗೆ ಮರೆಯಲಿ? ವಾರಕ್ಕೊಮ್ಮೆ ಆ ಮನೆಗೆ ಬೆಳಕು ಕಡಿಮೆಯಾಗುತ್ತಿತ್ತು. ತಂತಿ ಬದಲಿಸಿದಿರಿ, ಕಂಬ ಹತ್ತಿದಿರಿ. ಕೊನೆಗೊಂದು ಸೋಮವಾರ ಮುಂಜಾನೆಯೇ ಹೋಗಿ ಕುಳಿತು ನೋಡಿದರೆ, ಮನೆಯ ಹಿರಿಯರು ದೇವರ ಜಗಲಿಯಲ್ಲಿದ್ದ ಮೊಡೆಮ್ಮಿನ ತಂತಿ ಬಿಚ್ಚಿ, ಒರೆಸಿ, ಮೂರು ಬೆರಳಿನ ವಿಭೂತಿ ಹಚ್ಚಿ, ಅದೇ ಕೈಯಲ್ಲಿ ತಂತಿ ಸಿಕ್ಕಿಸುತ್ತಿದ್ದರು. ಕೂದಲಿಗಿಂತ ಸಣ್ಣ ಗಾಜಿನ ತುದಿಗೆ ವಿಭೂತಿ ಕುಳಿತರೆ ಬೆಳಕು ಎಲ್ಲಿ ಹಾಯಬೇಕು? ನಾನಾಗಿದ್ದರೆ ಕೂಗಾಡಿಬಿಡುತ್ತಿದ್ದೆ. ನೀವು ಏನೆಂದಿರಿ? "ಅಪ್ಪಾರ, ಇದು ಇಷ್ಟಲಿಂಗ ಇದ್ದಂಗ, ಬಾಲ ಮುಟ್ಟಬ್ಯಾಡ್ರಿ, ನೆತ್ತಿಗಷ್ಟ ಹಚ್ಚರಿ." ಇಷ್ಟಲಿಂಗಕ್ಕೆ ಬಾಲ ಎಲ್ಲಿಂದ ಬಂತು ಎಂದು ಅವರೂ ಕೇಳಲಿಲ್ಲ. ಅಂದಿನಿಂದ ಆ ಚುಕ್ಕೆ ಕೆಂಪಾಗಿಲ್ಲ.

ಇನ್ನು ಈ ಪತ್ರಕ್ಕೆ ಕಾರಣವಾದ ಮಾತು. ದೀಪಾವಳಿಯ ಪಾಡ್ಯ ಮುಗಿಸಿ ಬಂದಾಗ ಕಂಪನಿಯವರ ಪತ್ರ ಬಂದಿತ್ತು. ಈ ತಿಂಗಳ ಕೊನೆಗೆ ಹಳೆಯ ಪರದೆ ಹೋಗುತ್ತದೆ, ಹೊಸದು ಬರುತ್ತದೆ. ಅದರಲ್ಲಿ ಪ್ರತಿ ಸಾಲಿಗೂ ನಂಬರು ಬೇಕು. ಯಾರ ಮನೆ ಎಂದು ಗೊತ್ತಿರದ ಮೊಡೆಮ್ಮುಗಳನ್ನು ಬಂದ್ ಮಾಡಲಾಗುವುದು. ನಾನು ಕುಳಿತು ನಿಮ್ಮ ಬೆಕ್ಕು, ಅಜ್ಜ, ರೈಲುಗಳಿಗೆಲ್ಲ ನಂಬರು ಹುಡುಕಿ ಕೊಟ್ಟೆ. ಒಂದು ಸಾಲು ಮಾತ್ರ ಉಳಿಯಿತು.

'ಹಿರೇಕೆರೂರ. ನನ್ನ ತಪ್ಪು.'

ಅಷ್ಟೇ. ಓಣಿಯಿಲ್ಲ, ಹೆಸರಿಲ್ಲ, ಫೋನಿಲ್ಲ. ಹಸಿರು ಚುಕ್ಕೆ ಇದೆ, ಬೆಳಕು ಚೆನ್ನಾಗಿದೆ, ಆದರೆ ಅದಕ್ಕೆ ಜೋತುಬಿದ್ದ ಫೋನು ಒಂದೂ ಇಲ್ಲ. ಬೆಳಕು ಹೋಗಿ ಬರುವ ಹೊತ್ತನ್ನು ಅಳೆದು ಮಶೀನು ದೂರ ಹೇಳುತ್ತದಲ್ಲ, ಅದು ಹೇಳಿತು: ಹಿರೇಕೆರೂರಿನಲ್ಲಿ ಎಲ್ಲ ತಂತಿ ಹೊರಡುವ ನಮ್ಮ ಪೆಟ್ಟಿಗೆಯಿಂದ ಹನ್ನೊಂದು ಕಿಲೋಮೀಟರು. ಎಷ್ಟು ದೂರ ಎಂದು ಗೊತ್ತು, ಯಾವ ಊರು ಎಂದು ಗೊತ್ತಿಲ್ಲ. ನಿಮ್ಮ ವಿಷಯದಲ್ಲೂ ನನಗೆ ಹಾಗೇ ಆಗಿಹೋಯಿತಲ್ಲ ಕಾಕಾ. ಹತ್ತು ವರ್ಷ ಒಂದೇ ಕೋಣೆಯಲ್ಲಿ ಕುಳಿತೆ. ನಿಮಗೊಂದು ತಪ್ಪು ಇತ್ತು ಎಂದು ಗೊತ್ತೇ ಆಗಲಿಲ್ಲ. ಏನು ತಪ್ಪು? ಯಾರಿಗೆ ಮಾಡಿದ್ದಿರಿ? ಆ ಚುಕ್ಕೆ ಬಂದ್ ಆದರೆ ಅದನ್ನು ಕೇಳಲು ನನಗೆ ಬಾಗಿಲೇ ಇರುವುದಿಲ್ಲ.

ಮೊದಲು ನೀವು ಕಲಿಸಿದ ಉಪಾಯವನ್ನೇ ಮಾಡಿದೆ. "ಯಾರ ಮನಿ ಅಂತ ತಿಳೀಲಿಲ್ಲಂದ್ರ ತಡದ ನೋಡು, ಅವರ ಫೋನ್ ಮಾಡ್ತಾರ" ಎನ್ನುತ್ತಿದ್ದಿರಲ್ಲ. ಬುಧವಾರ ಮುಂಜಾನೆ ಆ ಸಾಲನ್ನು ಇಲ್ಲಿಂದಲೇ ತಡೆದೆ. ಚುಕ್ಕೆ ಕೆಂಪಾಯಿತು. ಫೋನಿನ ಮುಂದೆ ಕುಳಿತೆ. ಹತ್ತು ಎಣಿಸಿದೆ, ನೂರು ಎಣಿಸಿದೆ. ಕೆಳಗೆ ಗಿರಣಿ ಊಟಕ್ಕೆ ನಿಂತಿತು, ಮತ್ತೆ ಶುರುವಾಯಿತು. ಯಾರೂ ಫೋನು ಮಾಡಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಡೆಯಲಾಗದೆ ಬಿಟ್ಟುಕೊಟ್ಟೆ. ಹಸಿರು ಬಂದ ಮೇಲೆಯೇ ಮನೆಗೆ ಹೋದೆ.

ಮರುದಿನ ಹೊಳೆಯಿತು. ವೈಫೈಯ ಹೆಸರು ಆ ಮನೆಯ ಸುತ್ತಮುತ್ತ ಯಾರ ಫೋನಿನಲ್ಲಾದರೂ ಕಾಣುತ್ತದೆಯಲ್ಲ? ಕನ್ನಡದಲ್ಲಿ ಬರೆಯೋಣವೆಂದರೆ ಜಾಗ ಸಾಲದು. ಒಮ್ಮೆ ನೀವು ಒಬ್ಬರ ಮನೆಯ ಪೂರ್ತಿ ಹೆಸರನ್ನು ಕನ್ನಡದಲ್ಲಿ ತುರುಕಲು ಹೋಗಿ ಅದು ಅರ್ಧಕ್ಕೇ ನಿಂತಿತ್ತು. ನಮ್ಮ ಒಂದು ಅಕ್ಷರ ಮೂರು ಇಂಗ್ಲಿಷ್ ಅಕ್ಷರದ ಜಾಗ ತಿನ್ನುತ್ತದೆ, ಕೊಂಬು ದೀರ್ಘಗಳದ್ದು ಮತ್ತೆ ಬೇರೆ ಎಂದು ನಾನು ಹೇಳಿದಾಗ, "ನಮ್ಮ ಅಕ್ಷರ ಕಾಲ ಚಾಚಿ ಕುಂದರ್ತಾವ ಬಿಡವಾ, ಖಾನದಾನಿ ಅವು" ಎಂದಿದ್ದಿರಿ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ 'ಆಫೀಸಿಗೆ ಫೋನ್ ಮಾಡ್ರಿ' ಎಂದು ಬರೆದು, ಹನ್ನೊಂದು ಕಿಲೋಮೀಟರು ಆಚೆಯ ಆ ಮನೆಯ ನೆತ್ತಿಗೆ ತೂಗುಹಾಕಿದೆ.

ಮೂರನೆಯ ದಿನ ಫೋನು ಬಂತು. ಒಬ್ಬರು ಅಂಗನವಾಡಿ ಟೀಚರು, ಡಬ್ಬಿಯ ಮೇಲಿದ್ದ ನಮ್ಮ ನಂಬರು ನೋಡಿ ಮಾಡಿದ್ದರು. "ಏನ್ರಿ ಇದು? ನಮ್ಮನಿ ಡಬ್ಬಿ ಊರ ಮಂದಿಗೆಲ್ಲ ಫೋನ್ ಮಾಡ್ರಿ ಅನ್ನಾಕತ್ತೇತಲ್ಲ? ನಾವು ಯಾರೂ ಅದನ್ನ ಬಳಸೂದ ಇಲ್ರಿ. ನಮ್ಮತ್ತಿ ಅದನ್ನ ಮುಟ್ಟಗೊಡಂಗಿಲ್ಲ." ಅತ್ತೆಯ ಹೆಸರು ಗಂಗವ್ವ ಎಂದರು. ನಾನು ಮಾತು ಮುಗಿಯುವ ಮೊದಲೇ ಚಪ್ಪಲಿ ಹುಡುಕುತ್ತಿದ್ದೆ. ಹಿರೇಕೆರೂರಿಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ದಾರಿಯುದ್ದಕ್ಕೂ ಗೋವಿನಜೋಳದ ತೆನೆ ಒಣಗಲು ಹರವಿದ್ದರು. ಕಂಬದಿಂದ ಕಂಬಕ್ಕೆ ನಮ್ಮ ಕರಿ ತಂತಿ ನನ್ನ ಜೊತೆಗೇ ಬರುತ್ತಿತ್ತು. ನೀವು ಎಷ್ಟು ಸಲ ಹೀಗೆ ಅದರ ಕೆಳಗೆ ಗಾಡಿ ಓಡಿಸಿದ್ದೀರೋ…

ಗಂಗವ್ವನ ಮನೆ ತುಂಬಿದ ಮನೆ ಕಾಕಾ. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ. ಎಲ್ಲರ ಕೈಯಲ್ಲೂ ಅವರವರ ಫೋನು, ಅವರವರ ಇಂಟರ್ನೆಟ್ಟು. ಪಡಸಾಲೆಯ ಗೋಡೆಯ ಮಾಡದಲ್ಲಿ, ಒಬ್ಬ ಹಿರಿಯರ ಫೋಟೋದ ಕೆಳಗೆ, ನಮ್ಮ ಹಳೆಯ ಬಿಳಿ ಮೊಡೆಮ್ಮು. ಒಂದು ಕಣದಷ್ಟೂ ಧೂಳಿಲ್ಲ. ಪಕ್ಕದಲ್ಲಿ ಎಣ್ಣೆಯ ಹಣತೆ. ಹಣತೆ ಹಗಲಿಗೆ ಶಾಂತವಾಗಿತ್ತು, ಮೊಡೆಮ್ಮು ಮಾತ್ರ ಹಸಿರಾಗಿ ಉರಿಯುತ್ತಿತ್ತು.

"ಬಾರವಾ, ಕುಂದರು. ಗುರಪ್ಪ ಕಳಿಸ್ಯಾನೇನು? ಈ ಸಲ ಶೀಗಿ ಹುಣ್ಣಿವಿಗೆ ಯಾಕ ಬರಲಿಲ್ಲ ಅಂವಾ? ಅವಂಗಂತ ಎಳ್ಳಹೋಳಿಗಿ ತಗದಿಟ್ಟು, ನೋಡಿ ನೋಡಿ ದನಕ್ಕ ಹಾಕಿದೆ" ಎಂದಳು.

ಶೀಗಿ ಹುಣ್ಣಿಮೆ! ಪ್ರತಿ ವರ್ಷ ಆ ದಿನ ಊರೆಲ್ಲ ಬುತ್ತಿ ಕಟ್ಟಿಕೊಂಡು, ಭೂಮಿತಾಯಿಗೆ ಅನ್ನದ ಚರಗ ಚೆಲ್ಲಲು ಹೊಲಕ್ಕೆ ಹೋದರೆ, ನೀವು ಮಾತ್ರ "ಒಂದ ಕನೆಕ್ಷನ್ ನೋಡಿ ಬರ್ತೇನಿ" ಎಂದು ಗಾಡಿ ಹತ್ತುತ್ತಿದ್ದಿರಿ. ಆ ದಿನ ನನ್ನನ್ನು ಆಫೀಸಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗುತ್ತೀರೆಂದು ನಾನು ಎಷ್ಟು ಗೊಣಗಿದ್ದೇನೆ. ಒಮ್ಮೆಯೂ ಎಲ್ಲಿಗೆ ಎಂದು ಹೇಳಲಿಲ್ಲವಲ್ಲ ನೀವು.

ಗಂಗವ್ವನಿಗೆ ನೀವಿಲ್ಲವೆಂದು ಗೊತ್ತಿರಲಿಲ್ಲ. ಹೇಗೆ ಹೇಳಬೇಕು? ಸತ್ತರು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಮಾಡದ ಕಡೆ ನೋಡುತ್ತ, "ಶಾಂತ ಆದ್ರವ್ವ ಕಾಕಾ. ಪಂಚಮಿಕಿಂತ ಮೊದಲ" ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಮೊನ್ನೆ ಬುಧವಾರ ಅದರ ಹಸರ ದೀಪ ಹೋಗಿ ಕೆಂಪಗಾಗಿತ್ತವ್ವ. ಗುರಪ್ಪಗ ಏನೋ ಆಗೇತಿ ಅಂತ ನನ್ನ ಎದಿ ಧಸಕ್ಕಂತು, ಫೋನ್ ಹಚ್ಚಿ ಕೇಳಾಕ ಧೈರ್ಯ ಸಾಲಲಿಲ್ಲ. ಹಂಗಾರ ಖರೇನ ಆತು" ಎಂದಳು. ತಡೆದದ್ದು ನಾನು ಎಂದು ಹೇಳಿ ಕೈಮುಗಿದೆ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು.

ಆಮೇಲೆ ನಾನು ಪರದೆಯಲ್ಲಿ ನೀವು ಬರೆದಿಟ್ಟ ಆ ಎರಡು ಶಬ್ದ ಹೇಳಿದೆ. ನನ್ನ ತಪ್ಪು. "ಏನ ತಪ್ಪು?" ಎಂದಳು ಗಂಗವ್ವ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನೆನಪಿಸಿಕೊಳ್ಳುತ್ತ ಹೇಳತೊಡಗಿದಳು. ನಾನು ಕೆಲಸಕ್ಕೆ ಸೇರುವುದಕ್ಕೂ ಹಿಂದಿನ ವರ್ಷದ ಶೀಗಿ ಹುಣ್ಣಿಮೆ. ಅವಳ ಯಜಮಾನರಿಗೆ ದೊಡ್ಡಾಟದ ಹುಚ್ಚು. ಸಂಜೆ ಹೊಲದಿಂದ ಬಂದವರು ಟಿವಿಯಲ್ಲಿ ಹಳೆಯ ಆಟ ಹಚ್ಚಿಕೊಂಡು ಕುಳಿತರೆ ಇಂಟರ್ನೆಟ್ಟು ಹೋಗಿತ್ತು. ಗಂಗವ್ವ ನಿಮಗೆ ಫೋನು ಹಚ್ಚಿದಳು. ನೀವು ಹೇಳಿದಿರಿ: ಡಬ್ಬಿಯ ದೀಪ ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚರಿ. ಅವಳು "ಆರಿಸಿದೆ" ಎಂದಳು, ಎಣಿಸಿದಳು, ಇಂಟರ್ನೆಟ್ಟು ಬಂತು. ಆ ಆಟ ಮುಗಿಯುವ ಹೊತ್ತಿಗೆ ಯಜಮಾನರು ಕುರ್ಚಿಯಲ್ಲಿ ಕುಳಿತಲ್ಲೇ ಹೋಗಿಬಿಟ್ಟಿದ್ದರು.

"ಮೂರನೇ ದಿನ ಗುರಪ್ಪ ಬಂದ. ಬಾಗಲದಾಗ ನಿಂತು, ಕಾಲಿಗೆ ಬಿದ್ದು, ತಪ್ಪಾತವ್ವ ಅಂದ. ಹಬ್ಬದ ದಿನ ಲೈನ್ ಹೋಗಿತ್ತಲ್ಲ, ಅದಕ ಅಂತ ಅನ್ಕೊಂಡೆ ನಾ" ಎಂದಳು.

ಆಗ ನನಗೆ ತಿಳಿಯಿತು ಕಾಕಾ. ನನ್ನ ಮೊದಲ ದಿನ ನಿಮ್ಮ ಮುಖ ಯಾಕೆ ಕಪ್ಪಿಟ್ಟಿತ್ತು, ನಾನು ನಕ್ಕಾಗ ನೀವು ಯಾಕೆ ನಗಲಿಲ್ಲ. ಮುತ್ತೈದೆಯ ಕೈಯಿಂದ, ದೀಪ ಹಚ್ಚುವ ಹೊತ್ತಿನಲ್ಲಿ, ದೀಪ ಆರಿಸಿಬಿಟ್ಟೆ ಎಂದು ಅಷ್ಟು ವರ್ಷ ಒಳಗೇ ಇಟ್ಟುಕೊಂಡಿರಾ? ಅದಕ್ಕೇ ವರ್ಷಕ್ಕೊಮ್ಮೆ ಹೋಗಿ ಆ ಡಬ್ಬಿ ಒರೆಸಿ, ಅದರ ಬೆಳಕು ನೋಡಿ ಬರುತ್ತಿದ್ದಿರಾ? ನಾನು ಇದನ್ನೆಲ್ಲ ಗಂಗವ್ವನಿಗೆ ಬಿಡಿಸಿ ಹೇಳಿದೆ. ಅವಳು ಕಣ್ಣು ಅರಳಿಸಿ ಕೇಳಿದಳು. ಆಮೇಲೆ ನಕ್ಕಳು. ನಗುತ್ತಲೇ ಮತ್ತೆ ಅತ್ತಳು.

"ಅಯ್ಯ ಹುಚ್ಚಪ್ಪ! ದೀಪ ಹಚ್ಚೋ ಹೊತ್ತಿನ್ಯಾಗ ಯಾರರ ದೀಪ ಆರಸ್ತಾರೇನ? ನಾ ಅದನ್ನ ಮುಟ್ಟೇ ಇಲ್ಲಬೇ ತಂಗಿ. ಅಷ್ಟು ದೊಡ್ಡ ಮನಷ್ಯಾಗ ಒಲ್ಲೆ ಅನ್ನೂದು ಹೆಂಗ ಅಂತ, ಆರಿಸಿದೆ ಅಂತ ಸುಳ್ಳ ಹೇಳಿ ಸುಮ್ಮನ ಹತ್ತ ಎಣಿಸಿದೆ. ಹತ್ತ ಅನ್ನೂದಕ್ಕ ತಾನ ಬಂತು."

ತಾನೇ ಬಂತು! ಹಿರೇಕೆರೂರಿನ ಪೆಟ್ಟಿಗೆಗೆ ಕರೆಂಟು ಹೋಗಿ ಬಂದಿರಬೇಕು. ಆಗ ನಮಗೆ ಪರದೆ ಇರಲಿಲ್ಲವಲ್ಲ, ಇದ್ದಿದ್ದರೆ ಆ ಮೊಡೆಮ್ಮು ಒಮ್ಮೆಯೂ ಮಲಗಿ ಎದ್ದಿಲ್ಲ ಎಂದು ನಿಮಗೆ ಅಂದೇ ಕಾಣುತ್ತಿತ್ತು. ಗಂಗವ್ವ ಇನ್ನೂ ಒಂದು ಮಾತು ಹೇಳಿದಳು. "ನಮ್ಮವರು ಹೋಗೂವಾಗ ಅವರ ಜೀವಕ್ಕ ಜೀವ ಆಗಿದ್ದ ಆಟ ನೋಡ್ಕೋತ ಹೋದ್ರು. ಗುರಪ್ಪ ತೋರ್ಸಿದ ಆಟ ಅಂತ ನಾ ಅವಂಗ ವರ್ಷಾ ಕರದು ಉಣ್ಣಾಕ ಹಾಕ್ತಿದ್ದೆ. ಅಂವಾ ತಪ್ಪಂತ ಬಂದು ಉಣತಿದ್ನೇನು?" ಎಂದಳು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕುಳಿತು, ಒಂದೇ ಹೋಳಿಗೆ ಮುರಿಯುತ್ತ, ಇಬ್ಬರೂ ಬಾಯಿಬಿಟ್ಟು ಒಂದು ಮಾತು ಆಡಲಿಲ್ಲವಲ್ಲ ಕಾಕಾ. ಆಡಿದ್ದರೆ… ಹೋಗಲಿ ಬಿಡಿ.

ಇಂದು ಬೆಳಿಗ್ಗೆ ಆ ಸಾಲಿಗೆ ನಂಬರು ಕೊಟ್ಟೆ. ಗಂಗವ್ವನ ಹೆಸರಿನಲ್ಲಿ ಫಾರ್ಮು ತುಂಬಿ ಕಳಿಸಿದ್ದೇನೆ, ಇನ್ನು ಅದನ್ನು ಯಾರೂ ಬಂದ್ ಮಾಡುವುದಿಲ್ಲ. ಮುಂದಿನ ಶೀಗಿ ಹುಣ್ಣಿಮೆಗೆ ನಿಮ್ಮ ಪಾಲಿನ ಹೋಳಿಗೆ ತಿನ್ನಲು ನಾನು ಹೋಗುತ್ತೇನೆ, ಮಾತು ಕೊಟ್ಟು ಬಂದಿದ್ದೇನೆ. ಹೊಸ ಪರದೆಯಲ್ಲಿ ನಂಬರಿನ ಹೊರತು ಏನೂ ಬರೆಯಲು ಬರುವುದಿಲ್ಲ, ನಿಮ್ಮ ಆ ಎರಡು ಶಬ್ದ ಅಳಿಸಿಹೋದವು. ಆದರೆ ವೈಫೈಯ ಹೆಸರು ಇನ್ನೂ ನನ್ನ ಕೈಯಲ್ಲೇ ಇದೆ. 'ಆಫೀಸಿಗೆ ಫೋನ್ ಮಾಡ್ರಿ' ಎಂಬುದನ್ನು ತೆಗೆದು, ಗಂಗವ್ವನನ್ನು ಕೇಳಿಯೇ, ಈ ಸಲ ಕನ್ನಡದಲ್ಲಿ ಬರೆದೆ. ನಮ್ಮ ಅಕ್ಷರ ಕಾಲು ಚಾಚಿ ಕುಳಿತವು, ಆದರೂ ಹಿಡಿಸಿದವು. ಕೊನೆಗೆ ಒಂದು ಚುಕ್ಕೆ ಇಡುವಷ್ಟೇ ಜಾಗ ಉಳಿಯಿತು, ಇಡಲಿಲ್ಲ. ಆ ಓಣಿಯಲ್ಲಿ ಯಾರು ಫೋನು ತೆರೆದರೂ ಈಗ ಅದು ಕಾಣುತ್ತದೆ. ಓದಿದವರಿಗೆ ಅರ್ಥವಾಗುವುದಿಲ್ಲ, ಆಗಬೇಕಾದ್ದು ನಿಮಗೆ:

ಆರಿಲ್ಲ ಕಾಕಾ

ನಿಮ್ಮ
ಸುಮಿ